ಮಾಯವಾದ ಮಂಡಿ ಲೆಕ್ಕ, ಫಾರ್ಮ್ಯಾಟ್ ಕೇಳುವ ಡಿಸ್ಕು: ಯಾವ ಸಾಫ್ಟ್‌ವೇರ್ ಹಿಡಿಯಬೇಕು?

ಪ್ರಶ್ನೆ: ಕೋಲಾರದ ಎಪಿಎಂಸಿ ಯಾರ್ಡಿನಲ್ಲಿ ನಮ್ಮದು ಟೊಮೆಟೊ ಮಂಡಿ. ಹೋದ ವಾರ ಮಳೆಗೆ ಕರೆಂಟು ಎರಡು ಮೂರು ಸಲ ಹೋಗಿ ಬಂತು. ಆಮೇಲೆ ಆಫೀಸಿನ ಕಂಪ್ಯೂಟರಿನಲ್ಲಿ ವಿಂಡೋಸ್ ತೆರೆಯಲೇ ಇಲ್ಲ. ಪರಿಚಯದ ಹುಡುಗನೊಬ್ಬ ಬಂದು ವಿಂಡೋಸ್ ಹೊಸದಾಗಿ ಹಾಕಿಕೊಟ್ಟ. ಈಗ ಡೆಸ್ಕ್‌ಟಾಪ್ ಮೇಲಿದ್ದ ರೈತರ ಲೆಕ್ಕದ ಎಕ್ಸೆಲ್ ಫೈಲುಗಳಿಲ್ಲ, ನುಡಿಯಲ್ಲಿ ಟೈಪ್ ಮಾಡಿಟ್ಟ ಪತ್ರಗಳಿಲ್ಲ, ಟ್ಯಾಲಿಯೂ ಇಲ್ಲ. ಬ್ಯಾಕಪ್ ಎಂದು ಇಟ್ಟಿದ್ದ 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಹಾಕಿದರೆ, ಬಳಸುವ ಮೊದಲು ಫಾರ್ಮ್ಯಾಟ್ ಮಾಡಬೇಕು ಎನ್ನುತ್ತದೆ. ಇದೇ ಗಲಾಟೆಯಲ್ಲಿ ಕ್ಯಾಮೆರಾ ಕಾರ್ಡಿನಲ್ಲಿದ್ದ ನಾಮಕರಣದ ಫೋಟೊಗಳನ್ನೂ ಯಾರೋ ಡಿಲೀಟ್ ಮಾಡಿದ್ದಾರೆ. ಎಲ್ಲವನ್ನೂ ಒಂದೇ ಕ್ಲಿಕ್ಕಿನಲ್ಲಿ ಸರಿಮಾಡುವ ಸಾಫ್ಟ್‌ವೇರ್ ಇದೆಯಂತೆ, ಅದರ ಕ್ರ್ಯಾಕ್ ಕೂಡ ಸಿಗುತ್ತದಂತೆ. ಯಾವುದನ್ನು ಹಾಕಿಕೊಳ್ಳಲಿ?

ಉತ್ತರ: ನೀವು ಇದನ್ನು ಆ ಆಫೀಸಿನ ಕಂಪ್ಯೂಟರಿನಲ್ಲೇ ಓದುತ್ತಿದ್ದರೆ ಮೊದಲು ಅದನ್ನು ಶಟ್‌ಡೌನ್ ಮಾಡಿ. ಉಳಿದದ್ದನ್ನು ಮೊಬೈಲಿನಲ್ಲಿ ಓದಿ.

ಹಾರ್ಡ್ ಡಿಸ್ಕಿನಲ್ಲಿ ಫೈಲ್ ಅಳಿಸಿದಾಗ ಅಳಿಯುವುದು ಅದರ ದಾಖಲೆ ಮಾತ್ರ. ಮಂಡಿ ಪುಸ್ತಕದಲ್ಲಿ ಒಬ್ಬ ರೈತನ ಹೆಸರು ಹೊಡೆದುಹಾಕಿದ ಮಾತ್ರಕ್ಕೆ ಅವನ ಬಾಕ್ಸುಗಳು ಅಂಗಳದಿಂದ ಎದ್ದು ಹೋಗುವುದಿಲ್ಲವಲ್ಲ, ಆ ಜಾಗದಲ್ಲಿ ಇನ್ನೊಂದು ಲೋಡು ಇಳಿಸುವ ತನಕ ಅಲ್ಲೇ ಇರುತ್ತವೆ, ಹಾಗೆ. ವಿಂಡೋಸ್ ಸುಮ್ಮನೆ ಆನ್ ಆಗಿ ಕೂತಿದ್ದರೂ ಅಪ್‌ಡೇಟ್ ಇಳಿಸುತ್ತಿರುತ್ತದೆ, ಬ್ರೌಸರ್ ತನ್ನ ಕ್ಯಾಶೆ ಬರೆಯುತ್ತಿರುತ್ತದೆ, ಲಾಗ್ ಫೈಲುಗಳು ಬೆಳೆಯುತ್ತಿರುತ್ತವೆ. ಅವೆಲ್ಲ ಹೋಗಿ ಕೂರುವುದು ಖಾಲಿ ಎಂದು ಗುರುತಾದ ಜಾಗದಲ್ಲಿ, ಅಂದರೆ ನಿಮ್ಮ ಹಳೇ ಎಕ್ಸೆಲ್ ಇದ್ದ ಜಾಗದಲ್ಲಿ. ರಿಕವರಿ ಸಾಫ್ಟ್‌ವೇರನ್ನು ಅದೇ ಸಿ ಡ್ರೈವಿಗೆ ಡೌನ್‌ಲೋಡ್ ಮಾಡಿ ಇನ್‌ಸ್ಟಾಲ್ ಮಾಡುವವರು ಹುಡುಕಬೇಕಾದ್ದನ್ನು ತಾವೇ ಮುಚ್ಚುತ್ತಾರೆ.

ಇನ್ನು ಸಾಫ್ಟ್‌ವೇರಿನ ವಿಷಯ. ನೀವು ಒಂದು ಹೆಸರು ಕೇಳಿದ್ದೀರಿ, ಆದರೆ ನಿಮ್ಮ ಮುಂದಿರುವುದು ಮೂರು ಬೇರೆ ಬೇರೆ ತೊಂದರೆ. ಒಳಗಿನ ಡಿಸ್ಕಿನ ಮೇಲೆ ಹೊಸ ವಿಂಡೋಸ್ ಬಂದು ಕೂತಿದೆ. ಹೊರಗಿನ ಡಿಸ್ಕಿನ ಫೈಲ್ ಸಿಸ್ಟಮ್, ಅಂದರೆ ಯಾವ ಫೈಲ್ ಎಲ್ಲಿದೆ ಎಂದು ಲೆಕ್ಕವಿಡುವ ವ್ಯವಸ್ಥೆ, ಕೆಟ್ಟಿದೆ. ಕ್ಯಾಮೆರಾ ಕಾರ್ಡಿನಲ್ಲಿ ಫೈಲ್ ಬರೀ ಅಳಿಸಿದೆ. ಮೂರಕ್ಕೂ ಉಪಾಯ ಬೇರೆ, ಉಪಕರಣವೂ ಬೇರೆ. ಮೂರರಲ್ಲಿ ಹೆಚ್ಚು ಭರವಸೆ ಇರುವುದು, ನೋಡಲು ಎಲ್ಲಕ್ಕಿಂತ ಭಯಂಕರವಾಗಿ ಕಾಣುವ ಆ ಫಾರ್ಮ್ಯಾಟ್ ಕೇಳುವ ಡಿಸ್ಕಿನಲ್ಲೇ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಒಳಗಿನ ಡಿಸ್ಕು

ಯಾವ ಉಪಕರಣವನ್ನೂ ಮುಟ್ಟುವ ಮೊದಲು, ಅದರ ಅಗತ್ಯವೇ ಬೀಳದ ಜಾಗಗಳನ್ನು ನೋಡಿ. ಹಳೇ ವಿಂಡೋಸಿಗೆ ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗುತ್ತಿದ್ದಿರಾದರೆ ಡೆಸ್ಕ್‌ಟಾಪ್ ಫೋಲ್ಡರ್ ನಿಮಗೆ ಗೊತ್ತಿಲ್ಲದೆಯೇ ಒನ್‌ಡ್ರೈವ್‌ಗೆ ಹೋಗುತ್ತಿದ್ದಿರಬಹುದು. ಮೊಬೈಲಿನ ಬ್ರೌಸರಿನಲ್ಲಿ ಅದೇ ಅಕೌಂಟಿನಿಂದ ಒನ್‌ಡ್ರೈವ್ ತೆರೆದು ನೋಡಿ. ಅದರ ರೀಸೈಕಲ್ ಬಿನ್ನನ್ನೂ ಬಿಡಬೇಡಿ, ವೈಯಕ್ತಿಕ ಅಕೌಂಟಿನಲ್ಲಿ ಅಳಿಸಿದ್ದು 30 ದಿನ ಅಲ್ಲಿರುತ್ತದೆ. ಆಡಿಟರಿಗೆ ವಾಟ್ಸಾಪ್‌ನಲ್ಲೋ ಈಮೇಲಿನಲ್ಲೋ ಕಳಿಸಿದ ಎಕ್ಸೆಲ್ ನಿಮ್ಮ ಫೋನಿನಲ್ಲಿ ಅಥವಾ ಅವರ ಹತ್ತಿರ ಇದ್ದರೆ ಅದನ್ನೂ ತರಿಸಿಕೊಳ್ಳಿ. ತಿಂಗಳು ಹಳೆಯದಾದರೂ ಸರಿ, ಅಲ್ಲಿಂದೀಚಿನ ಲೆಕ್ಕ ಮಾತ್ರ ಮತ್ತೆ ಕಟ್ಟಿದರಾಯಿತು.

ಎರಡನೆಯದು ವಿಂಡೋಸ್ ಡಾಟ್ ಓಲ್ಡ್. ಹುಡುಗ ವಿಂಡೋಸ್ ಹಾಕುವಾಗ ಪಾರ್ಟಿಷನ್ನನ್ನು (ಸಿ ಡ್ರೈವಿನಂಥ ಡಿಸ್ಕಿನ ಒಂದು ಭಾಗ) ಫಾರ್ಮ್ಯಾಟ್ ಮಾಡದೆ ಅದರ ಮೇಲೇ ಹಾಕಿದ್ದರೆ ಹಳೆಯದೆಲ್ಲ ಸಿ ಡ್ರೈವಿನಲ್ಲಿ ಈ ಹೆಸರಿನ ಫೋಲ್ಡರಿನೊಳಗೆ ಇಡಿಯಾಗಿ ಇರುತ್ತದೆ. ಅದರೊಳಗೆ ಯೂಸರ್ಸ್, ಅದರೊಳಗೆ ನಿಮ್ಮ ಹಳೇ ಹೆಸರು, ಅಲ್ಲಿ ಡೆಸ್ಕ್‌ಟಾಪ್. ಅನುಮತಿ ಇಲ್ಲ ಎಂದರೆ ಕಂಟಿನ್ಯೂ ಒತ್ತಿ. ಟ್ಯಾಲಿ ಹುಡುಕುವವರು ಸಾಮಾನ್ಯವಾಗಿ ತಮ್ಮ ಹೆಸರಿನ ಫೋಲ್ಡರ್ ಜಾಲಾಡಿ ಕೈಬಿಡುತ್ತಾರೆ. ಟ್ಯಾಲಿ ಪ್ರೈಮ್ ತನ್ನ ಡೇಟಾವನ್ನು ಮಾಮೂಲಿಯಾಗಿ ಇಡುವುದು ಯೂಸರ್ಸ್ ಒಳಗಿನ ಪಬ್ಲಿಕ್ ಎಂಬ ಫೋಲ್ಡರಿನಲ್ಲಿ, ಅಲ್ಲಿ ಟ್ಯಾಲಿಪ್ರೈಮ್, ಅದರೊಳಗೆ ಡೇಟಾ. ಕಂಪನಿಯೊಂದಕ್ಕೆ ಒಂದರಂತೆ ಬರೀ ಅಂಕಿಯ ಹೆಸರಿನ ಫೋಲ್ಡರುಗಳು ಕಾಣುತ್ತವೆ, ಅವೇ ನಿಮ್ಮ ಲೆಕ್ಕ. ಈ ಹುಡುಕಾಟಕ್ಕೆ ಅವಸರ ಯಾಕೆಂದರೆ ವಿಂಡೋಸ್ ಡಾಟ್ ಓಲ್ಡ್ ಫೋಲ್ಡರನ್ನು ವಿಂಡೋಸೇ 10 ದಿನಕ್ಕೆ ತಾನಾಗಿ ಅಳಿಸುತ್ತದೆ. ನಿಮಗೆ ಈಗಾಗಲೇ ಒಂದು ವಾರ ಕಳೆದಿದೆ.

ಇದನ್ನೆಲ್ಲ ಆ ಕಂಪ್ಯೂಟರನ್ನೇ ಆನ್ ಮಾಡಿ ನೋಡಬೇಡಿ. ಡಿಸ್ಕ್ ಬಿಚ್ಚಿಸಿ, ಸಾಟಾದಿಂದ ಯುಎಸ್‌ಬಿಗೆ ಬದಲಿಸುವ ಕೇಬಲಿನಿಂದ ಇನ್ನೊಂದು ಕಂಪ್ಯೂಟರಿಗೆ ಸೇರಿಸಿ. ಲ್ಯಾಪ್‌ಟಾಪಿನ ಎರಡೂವರೆ ಇಂಚಿನ ಡಿಸ್ಕಾದರೆ ಯುಎಸ್‌ಬಿ ಕರೆಂಟೇ ಸಾಕು. ಮೂರೂವರೆ ಇಂಚಿನದಕ್ಕೆ 12 ವೋಲ್ಟಿನ ಬೇರೆ ಅಡಾಪ್ಟರ್ ಇರುವ ಕೇಬಲ್ಲೇ ಬೇಕು. ಅದಿಲ್ಲದ ಅಗ್ಗದ ಕೇಬಲ್ ಹಾಕಿದರೆ ಡಿಸ್ಕ್ ತಿರುಗುವುದೇ ಇಲ್ಲ, ಜನ ಅದನ್ನು ಡಿಸ್ಕ್ ಸತ್ತಿದೆ ಎಂದುಕೊಳ್ಳುತ್ತಾರೆ.

ಬಿಚ್ಚಿದಾಗಲೇ ಅದು ತಿರುಗುವ ಹಾರ್ಡ್ ಡಿಸ್ಕೋ, ತಿರುಗುವ ಭಾಗವೇ ಇಲ್ಲದ ಎಸ್‌ಎಸ್‌ಡಿಯೋ ಗೊತ್ತಾಗುತ್ತದೆ. ಎಸ್‌ಎಸ್‌ಡಿ ಆಗಿದ್ದು, ಹುಡುಗ ಫಾರ್ಮ್ಯಾಟ್ ಮಾಡಿಯೇ ವಿಂಡೋಸ್ ಹಾಕಿದ್ದರೆ ಅದಕ್ಕೆ ಖರ್ಚು ಮಾಡಬೇಡಿ. ಅಳಿಸಿದ ಅಥವಾ ಫಾರ್ಮ್ಯಾಟ್ ಮಾಡಿದ ಜಾಗ ಇನ್ನು ಬೇಡ ಎಂದು ವಿಂಡೋಸ್ ಎಸ್‌ಎಸ್‌ಡಿಗೆ ಟ್ರಿಮ್ ಎಂಬ ಆದೇಶ ಕಳಿಸುತ್ತದೆ. ಆಮೇಲೆ ಆ ಜಾಗ ಓದಿದರೆ ಸಿಗುವುದು ಬರೀ ಸೊನ್ನೆ. ಎಷ್ಟು ದುಡ್ಡಿನ ಸಾಫ್ಟ್‌ವೇರಾದರೂ ಸೊನ್ನೆಯಿಂದ ಎಕ್ಸೆಲ್ ತೆಗೆಯಲಾರದು. ಹಾಗೆಯೇ ಹಳೇ ವಿಂಡೋಸಿನಲ್ಲಿ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್ ಆನ್ ಇದ್ದಿದ್ದರೆ, 48 ಅಂಕಿಯ ರಿಕವರಿ ಕೀ ಇಲ್ಲದೆ ಮುಂದೆ ಹೋಗುವಂತಿಲ್ಲ. ಆ ಕೀ ಬಹಳ ಸಲ ಮೈಕ್ರೋಸಾಫ್ಟ್ ಅಕೌಂಟಿನಲ್ಲೇ ಉಳಿದಿರುತ್ತದೆ.

ತಿರುಗುವ ಡಿಸ್ಕಾದರೆ ಆಸೆ ಇದೆ, ಆದರೆ ಪೂರ್ತಿ ಅಲ್ಲ. ವಿಂಡೋಸ್ ಹಾಕುವಾಗಿನ ಫಾರ್ಮ್ಯಾಟ್ ಕ್ವಿಕ್ ಫಾರ್ಮ್ಯಾಟ್, ಡೇಟಾ ಅಳಿಸುವುದಿಲ್ಲ. ತೊಂದರೆ ಬರುವುದು ಆಮೇಲೆ. ವಿಂಡೋಸಿನ ಮಾಮೂಲಿ ಫೈಲ್ ಸಿಸ್ಟಮ್ ಆದ ಎನ್‌ಟಿಎಫ್‌ಎಸ್‌ನಲ್ಲಿ ಎಲ್ಲ ಫೈಲುಗಳ ಹೆಸರು, ಜಾಗ ಬರೆದಿರುವ ಎಂಎಫ್‌ಟಿ ಎಂಬ ಪಟ್ಟಿಯನ್ನು ವಿಂಡೋಸ್ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಜಾಗದಲ್ಲಿ, ಪಾರ್ಟಿಷನ್ನಿನ ಮೊದಲಿಂದ ಸುಮಾರು 3 ಜಿಬಿ ಒಳಗೆ, ಶುರುಮಾಡುತ್ತದೆ. ಹೊಸ ವಿಂಡೋಸಿನ ಲಕ್ಷಗಟ್ಟಲೆ ಫೈಲುಗಳ ದಾಖಲೆ ಹಳೇ ದಾಖಲೆಯ ಮೇಲೇ ಬೀಳುತ್ತದೆ. ಹಾಗಾಗಿ ಫೈಲಿನ ಒಡಲು ಉಳಿದು ಹೆಸರು ಹೋಗಿರುವುದೇ ಹೆಚ್ಚು.

ಇಂಥ ಕಡೆ ರೆಕ್ಯುವಾದಂಥ ಉಚಿತ ಸಾಫ್ಟ್‌ವೇರ್ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಅದು ನಿನ್ನೆ ಮೊನ್ನೆ ಡಿಲೀಟ್ ಆದ ಫೈಲಿಗೆ ಒಳ್ಳೆಯದು. ಮರು ಇನ್‌ಸ್ಟಾಲ್ ಆದ ಡಿಸ್ಕಿಗೆ ಇಡೀ ಡಿಸ್ಕ್ ಸ್ಕ್ಯಾನ್ ಮಾಡಿ ಹಳೇ ಎಂಎಫ್‌ಟಿಯ ಚೂರುಗಳನ್ನು ಜೋಡಿಸುವಂಥದ್ದು ಬೇಕು: ಡಿಎಂಡಿಇ, ಆರ್-ಸ್ಟುಡಿಯೋ, ಯುಎಫ್‌ಎಸ್ ಎಕ್ಸ್‌ಪ್ಲೋರರ್ ಈ ಜಾತಿಯವು. ನಿಮ್ಮ ಕೆಲಸಕ್ಕೆ ಡಿಎಂಡಿಇ ಸಾಕು ಎನ್ನುವುದು ನನ್ನ ಅಭಿಪ್ರಾಯ. ನೋಡಲು ಒರಟು, ಮೊದಲ ಸಲ ತೆರೆದವರು ಹೆದರುತ್ತಾರೆ. ಆದರೆ ಉಚಿತ ಆವೃತ್ತಿಯಲ್ಲೇ ಒಂದು ಸಲಕ್ಕೆ ಒಂದು ಫೋಲ್ಡರಿನಿಂದ 4,000 ಫೈಲುಗಳ ತನಕ ತೆಗೆಯಬಹುದು. ಒಂದು ಟ್ಯಾಲಿ ಕಂಪನಿ ಫೋಲ್ಡರಿಗೆ ಅಷ್ಟು ಧಾರಾಳ.

ಫಾರ್ಮ್ಯಾಟ್ ಕೇಳುವ ಡಿಸ್ಕು

ಆ ಸಂದೇಶ ಬಂದಾಗೆಲ್ಲ ಕ್ಯಾನ್ಸಲ್ ಒತ್ತಿ. ವಿಂಡೋಸಿಗೆ ಆ ಡಿಸ್ಕಿನ ಮೇಲಿನ ಫೈಲ್ ಸಿಸ್ಟಮ್ ಗುರುತು ಸಿಗುತ್ತಿಲ್ಲ ಎನ್ನುವುದಷ್ಟೇ ಅದರ ಅರ್ಥ. ಬರೆಯುತ್ತಿರುವಾಗ ಕರೆಂಟು ಹೋದರೆ, ಕೇಬಲ್ ಎಳೆದರೆ, ಪಾರ್ಟಿಷನ್ನಿನ ಪರಿಚಯ ಬರೆದಿರುವ ಮೊದಲ ತುಂಡಾದ ಬೂಟ್ ಸೆಕ್ಟರೋ ಎಂಎಫ್‌ಟಿಯ ಮೊದಲ ಕೆಲವು ದಾಖಲೆಗಳೋ ಅರ್ಧಂಬರ್ಧ ಬರೆದುಹೋಗಿ ಹೀಗಾಗುತ್ತದೆ. ಡೇಟಾ ಬಹುಪಾಲು ಇದ್ದಲ್ಲೇ ಇರುತ್ತದೆ.

ಮೊದಲು ಕೇಬಲ್ ಬದಲಿಸಿ. ಕ್ಯಾಬಿನೆಟ್ಟಿನ ಮುಂದಿನ ಯುಎಸ್‌ಬಿ ಬಿಟ್ಟು ಹಿಂದೆ ನೇರವಾಗಿ ಮದರ್‌ಬೋರ್ಡಿನಲ್ಲಿರುವ ಪೋರ್ಟಿಗೆ, ಗಿಡ್ಡ ಕೇಬಲಿನಲ್ಲಿ ಹಾಕಿ ನೋಡಿ. ಮುಂದಿನ ಪೋರ್ಟಿಗೆ ಕರೆಂಟು ಸಾಲದೆ ಈ ಸಂದೇಶ ಬರುವುದು ಅಪರೂಪವಲ್ಲ. ಆಮೇಲೆ ವಿಂಡೋಸಿನೊಳಗೇ ಇರುವ ಡಿಸ್ಕ್ ಮ್ಯಾನೇಜ್‌ಮೆಂಟ್ ತೆರೆಯಿರಿ. ಡಿಸ್ಕು ಸರಿಯಾದ ಗಾತ್ರದಲ್ಲಿ, ಅಂದರೆ 1 ಟಿಬಿಗೆ ಸುಮಾರು 931 ಜಿಬಿ ಎಂದು ಕಂಡು, ಫೈಲ್ ಸಿಸ್ಟಮ್ ಜಾಗದಲ್ಲಿ ರಾ (ಗುರುತು ಸಿಗದ್ದು) ಎಂದಿದ್ದರೆ ಒಳ್ಳೆಯ ಲಕ್ಷಣ. ಇನಿಷಿಯಲೈಸ್ ಮಾಡಬೇಕೆ ಎಂದು ಕೇಳಿದರೆ ಬೇಡ ಎನ್ನಿ. ಗಾತ್ರವೇ ಕಾಣದಿದ್ದರೆ, ಟಕ್ ಟಕ್ ಎಂದು ಒಂದೇ ಲಯದಲ್ಲಿ ಸದ್ದು ಬರುತ್ತಿದ್ದರೆ, ತಕ್ಷಣ ತೆಗೆದಿಡಿ. ಅದು ಸಾಫ್ಟ್‌ವೇರಿನ ಕೆಲಸವಲ್ಲ.

ಸದ್ದಿಲ್ಲದಿದ್ದರೆ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ಎಂಬ ಉಚಿತ ಉಪಕರಣದಿಂದ ಡಿಸ್ಕಿನ ಆರೋಗ್ಯ ನೋಡಿ. ನೀಲಿ ಬಣ್ಣ ಎಂದರೆ ಚೆನ್ನಾಗಿದೆ, ಹಳದಿ ಎಂದರೆ ಎಚ್ಚರ, ಕೆಂಪು ಎಂದರೆ ಕೆಟ್ಟಿದೆ. ಬಣ್ಣ ನಂಬಿ ಬಿಡಬೇಡಿ, ಕೆಳಗಿನ ಪಟ್ಟಿಯಲ್ಲಿ 05, ಸಿ5, ಸಿ6 ಎಂಬ ಮೂರು ಸಾಲು ಓದಿ. 05 ಎಂದರೆ ಕೆಟ್ಟು ಬೇರೆಡೆಗೆ ಬದಲಿಸಿದ ಸೆಕ್ಟರುಗಳು, ಅಂದರೆ ಡಿಸ್ಕಿನ ಚಿಕ್ಕ ಚಿಕ್ಕ ತುಂಡುಗಳು. ಸಿ5 ಎಂದರೆ ಈಗ ಓದಲಾಗದೆ ತೀರ್ಮಾನಕ್ಕೆ ಕಾದಿರುವವು. ಸಿ6 ಎಂದರೆ ಪ್ರಯತ್ನಿಸಿಯೂ ಓದಲಾಗದವು. ಕೊನೆಯ ಕಾಲಮ್ಮಿನ ಸಂಖ್ಯೆ ಹೆಕ್ಸ್ ಲೆಕ್ಕದಲ್ಲಿರುತ್ತದೆ, 10 ಎಂದು ಕಂಡರೆ ನಿಜವಾಗಿ 16. ಅಡ್ವಾನ್ಸ್ಡ್ ಫೀಚರ್ ಮೆನುವಿನಲ್ಲಿ ಅದನ್ನು ಮಾಮೂಲಿ ಅಂಕಿಗೆ ಬದಲಿಸಬಹುದು. ಮೂರೂ ಸೊನ್ನೆಯಾದರೆ ಡಿಸ್ಕ್ ಗಟ್ಟಿ, ಕೆಟ್ಟಿರುವುದು ಬರವಣಿಗೆ ಮಾತ್ರ. ಸಿ5ರಲ್ಲಿ ಸಂಖ್ಯೆ ಇದ್ದು ದಿನದಿಂದ ದಿನಕ್ಕೆ ಏರುತ್ತಿದ್ದರೆ ಡಿಸ್ಕ್ ಸಾಯುತ್ತಿದೆ. ಅದರ ಮೇಲೆ ನೇರವಾಗಿ ಸ್ಕ್ಯಾನ್ ಓಡಿಸುವುದು ಅದನ್ನು ಬೇಗ ಸಾಯಿಸುವ ದಾರಿ.

ಎರಡೂ ಸಂದರ್ಭದಲ್ಲಿ ಮುಂದಿನ ಹೆಜ್ಜೆ ಒಂದೇ, ಇಡೀ ಡಿಸ್ಕಿನ ನಕಲು, ಅಂದರೆ ಇಮೇಜ್. ಇದಕ್ಕೆ 2 ಟಿಬಿಯ ಇನ್ನೊಂದು ಡಿಸ್ಕ್ ಬೇಕು. 1 ಟಿಬಿಯ ಮೇಲೆ 1 ಟಿಬಿ ಸಾಲುವುದಿಲ್ಲ, ನಕಲಿಟ್ಟ ಮೇಲೆ ಅದರಿಂದ ತೆಗೆದ ಫೈಲುಗಳಿಗೂ ಜಾಗ ಬೇಕಲ್ಲ. ಆ ಡಿಸ್ಕ್ ಎನ್‌ಟಿಎಫ್‌ಎಸ್‌ನಲ್ಲಿರಲಿ. ಫ್ಯಾಟ್32 ಆದರೆ ಒಂದು ಫೈಲ್ 4 ಜಿಬಿ ಮೀರುವಂತಿಲ್ಲ, ಇಮೇಜ್ ಅಲ್ಲೇ ನಿಲ್ಲುತ್ತದೆ. ಖರ್ಚು ಎನಿಸಬಹುದು, ಆದರೆ ಈ ಡಿಸ್ಕೇ ಮುಂದೆ ನಿಮ್ಮ ಬ್ಯಾಕಪ್ ಡಿಸ್ಕಾಗುತ್ತದೆ.

ಗಟ್ಟಿ ಡಿಸ್ಕಿಗೆ ಡಿಎಂಡಿಇಯ ಒಳಗೇ ಇಮೇಜ್ ಮಾಡುವ ಆಯ್ಕೆ ಇದೆ. ಸಾಯುತ್ತಿರುವ ಡಿಸ್ಕಿಗೆ ಜಿಎನ್‌ಯು ಡಿಡಿರೆಸ್ಕ್ಯೂ ಬಿಟ್ಟು ಬೇರೆ ಉಚಿತ ಸಾಫ್ಟ್‌ವೇರನ್ನು ನಾನು ಹೇಳುವುದಿಲ್ಲ. ಇದು ಲಿನಕ್ಸಿನದು. ಬೇರೆ ಕಂಪ್ಯೂಟರಿನಲ್ಲಿ ರೂಫಸ್ ಎಂಬ ಉಪಕರಣದಿಂದ ಉಬುಂಟು ಎಂಬ ಲಿನಕ್ಸಿನ ಪೆನ್‌ಡ್ರೈವ್ ಮಾಡಿ, ಇನ್‌ಸ್ಟಾಲ್ ಮಾಡದೆ ಪೆನ್‌ಡ್ರೈವಿನಿಂದಲೇ ಓಡಿಸಿ ಬಳಸಬಹುದು. ಅದರ ಗುಣ ಏನೆಂದರೆ ಚೆನ್ನಾಗಿರುವ ಜಾಗವನ್ನೆಲ್ಲ ಮೊದಲು ಬಾಚಿಕೊಂಡು, ಕೆಟ್ಟ ಜಾಗವನ್ನು ಕೊನೆಗೆ ಉಳಿಸಿಕೊಳ್ಳುತ್ತದೆ. ಮೊದಲ ಸುತ್ತನ್ನು ಕೆಟ್ಟ ಜಾಗ ಕೆರೆಯದೆ ಮುಂದೆ ಹೋಗುವ ಎನ್ ಆಯ್ಕೆಯೊಂದಿಗೆ, ಎರಡನೇ ಸುತ್ತನ್ನು ಮೂರು ಸಲ ಮರುಪ್ರಯತ್ನಿಸುವ ಆರ್ 3 ಆಯ್ಕೆಯೊಂದಿಗೆ ಓಡಿಸಿ. ಜೊತೆಗೆ ಮ್ಯಾಪ್ ಫೈಲ್ ಕೊಡುವುದನ್ನು ಮರೆಯಬೇಡಿ. ಎಲ್ಲಿಯತನಕ ಓದಿದೆ ಎನ್ನುವುದು ಅದರಲ್ಲಿ ದಾಖಲಾಗುವುದರಿಂದ ನಡುವೆ ಕರೆಂಟು ಹೋದರೂ ಬಿಟ್ಟಲ್ಲಿಂದ ಮುಂದುವರಿಯುತ್ತದೆ. ಮ್ಯಾಪ್ ಫೈಲ್ ಮತ್ತು ಇಮೇಜ್ ಎರಡೂ ಹೊಸ ಡಿಸ್ಕಿನಲ್ಲೇ ಇರಬೇಕು. ಲೈವ್ ಪೆನ್‌ಡ್ರೈವಿನಲ್ಲಿ ಉಳಿಸಿದ್ದು ಆಫ್ ಆದ ಕೂಡಲೇ ಹೋಗುತ್ತದೆ. ಇದರಲ್ಲಿ ಆಗುವ ಅನಾಹುತ ಒಂದೇ: ಯಾವುದರಿಂದ, ಯಾವುದಕ್ಕೆ ಎಂಬುದು ಅದಲುಬದಲಾಗಿ ಖಾಲಿ ಡಿಸ್ಕನ್ನು ತುಂಬಿದ ಡಿಸ್ಕಿನ ಮೇಲೆ ಬರೆದುಬಿಡುವುದು. ಆಜ್ಞೆ ಕೊಡುವ ಮೊದಲು ಎಲ್‌ಎಸ್‌ಬಿಎಲ್‌ಕೆ ಎಂಬ ಆಜ್ಞೆಯಿಂದ ಎರಡರ ಗಾತ್ರ ಓದಿ, ಕಾಗದದಲ್ಲಿ ಬರೆದುಕೊಳ್ಳಿ. 2 ಟಿಬಿ ಡಿಸ್ಕಿಗೆ ಇನ್ನೂ ಒಂದು ಉಪಯೋಗ ಇದು, ಗಾತ್ರ ಬೇರೆ ಇದ್ದರೆ ಗುರುತು ತಪ್ಪುವುದಿಲ್ಲ.

ಸಮಯದ ಅಂದಾಜು: ಯುಎಸ್‌ಬಿ 3 ಪೋರ್ಟಿನಲ್ಲಿ ಸೆಕೆಂಡಿಗೆ 100 ಎಂಬಿ ಸಿಕ್ಕರೆ 1 ಟಿಬಿಗೆ ಮೂರು ಗಂಟೆ. ಹಳೇ ಯುಎಸ್‌ಬಿ 2ರಲ್ಲಿ 30 ಎಂಬಿ ಲೆಕ್ಕ ಹಿಡಿದರೆ ಒಂಬತ್ತು ಗಂಟೆ ಮೀರುತ್ತದೆ. ಕೆಟ್ಟ ಸೆಕ್ಟರುಗಳಿದ್ದರೆ ದಿನಗಟ್ಟಲೆಯೂ ಆಗಬಹುದು. ಈ ಮಳೆಗಾಲದ ಕರೆಂಟು ನೆಚ್ಚಿಕೊಂಡು ಡೆಸ್ಕ್‌ಟಾಪಿನಲ್ಲಿ ಮಾಡಬೇಡಿ. ಬ್ಯಾಟರಿ ಚೆನ್ನಾಗಿರುವ ಲ್ಯಾಪ್‌ಟಾಪ್ ಹಿಡಿಯಿರಿ, ಸ್ಲೀಪ್ ಆಗದಂತೆ ಪವರ್ ಸೆಟ್ಟಿಂಗ್ ಬದಲಿಸಿ.

ಇಮೇಜ್ ಕೈಗೆ ಬಂದ ಮೇಲೆ ಟೆಸ್ಟ್‌ಡಿಸ್ಕ್. ಇದು ಓಪನ್ ಸೋರ್ಸ್, ಪೂರ್ತಿ ಉಚಿತ, ಕಪ್ಪು ಪರದೆಯಲ್ಲಿ ಬಾಣದ ಗುಂಡಿಗಳಿಂದ ಓಡಾಡುವಂಥದ್ದು. ಇಮೇಜ್ ಫೈಲ್ ಆಯ್ದುಕೊಂಡು, ಅದು ಸೂಚಿಸುವ ಪಾರ್ಟಿಷನ್ ಬಗೆಯನ್ನೇ ಒಪ್ಪಿಕೊಂಡು, ಅನಲೈಸ್, ಆಮೇಲೆ ಕ್ವಿಕ್ ಸರ್ಚ್. ಹಳೇ ಪಾರ್ಟಿಷನ್ ಕಂಡ ಕೂಡಲೇ ಪಿ ಒತ್ತಿದರೆ ಒಳಗಿನ ಫೋಲ್ಡರುಗಳ ಪಟ್ಟಿ ಬರುತ್ತದೆ. ಬೇಕಾದ್ದನ್ನು ಗುರುತುಮಾಡಿ ದೊಡ್ಡಕ್ಷರದ ಸಿ ಒತ್ತಿ ಬೇರೆ ಜಾಗಕ್ಕೆ ಕಾಪಿ ಮಾಡಿಕೊಳ್ಳಿ. ಅಲ್ಲೇ ರೈಟ್ ಎಂಬ ಇನ್ನೊಂದು ಆಯ್ಕೆಯೂ ಕಾಣುತ್ತದೆ, ಅದು ಪಾರ್ಟಿಷನ್ ಟೇಬಲನ್ನು ಬದಲಿಸಿ ಬರೆಯುವಂಥದ್ದು. ನೆಟ್ಟಿನ ವಿಡಿಯೊಗಳು ನೇರ ಅಲ್ಲಿಗೇ ಹೋಗುತ್ತವೆ. ನಿಮಗೆ ಬೇಕಿರುವುದು ಫೈಲುಗಳು, ಆ ಹಳೇ ಡಿಸ್ಕ್ ಮತ್ತೆ ಓಡುವುದಲ್ಲ. ಕಾಪಿ ಮುಗಿಸಿ ಎದ್ದುಬಿಡಿ.

ಫೈಲ್ ಸಿಸ್ಟಮ್ ತೆರೆಯಲಾಗುತ್ತಿಲ್ಲ, ಹಾಳಾದಂತಿದೆ ಎಂದು ಟೆಸ್ಟ್‌ಡಿಸ್ಕ್ ಹೇಳಿದರೆ ಎರಡು ದಾರಿ. ಎನ್‌ಟಿಎಫ್‌ಎಸ್ ತನ್ನ ಬೂಟ್ ಸೆಕ್ಟರಿನ ಇನ್ನೊಂದು ಪ್ರತಿಯನ್ನು ಪಾರ್ಟಿಷನ್ನಿನ ಕಟ್ಟಕಡೆಯ ಸೆಕ್ಟರಿನಲ್ಲಿ ಇಟ್ಟಿರುತ್ತದೆ. ಅಡ್ವಾನ್ಸ್ಡ್ ಒಳಗಿನ ಬೂಟ್ ಆಯ್ಕೆಯಲ್ಲಿ ಮೊದಲ ಪ್ರತಿ ಕೆಟ್ಟಿದೆ, ಬ್ಯಾಕಪ್ ಪ್ರತಿ ಸರಿಯಿದೆ ಎಂದು ತೋರಿಸಿದರೆ, ಬ್ಯಾಕಪ್ ಬಿಎಸ್ ಒತ್ತಿ ಅದನ್ನು ಮುಂದಕ್ಕೆ ತರಬಹುದು. ಇದು ಬರೆಯುವ ಕೆಲಸ, ಹಾಗಾಗಿ ಇಮೇಜಿನ ಮೇಲೆ ಮಾತ್ರ ಮಾಡಿ. ಅದಕ್ಕೂ ಬಗ್ಗದಿದ್ದರೆ ಡಿಎಂಡಿಇಯಲ್ಲಿ ಫುಲ್ ಸ್ಕ್ಯಾನ್. ಸ್ಕ್ಯಾನ್ ಮುಗಿದಾಗ ಒಂದೇ ಪಾರ್ಟಿಷನ್ ನಾಲ್ಕೈದು ರೂಪದಲ್ಲಿ ಪಟ್ಟಿಯಾಗಬಹುದು. ಗಾತ್ರ ಸರಿಯಾಗಿರುವ, ಮೇಲಿನ ಸಾಲಿನಲ್ಲಿರುವುದನ್ನು ತೆರೆದು ಫೋಲ್ಡರುಗಳ ಹೆಸರು ಗುರುತು ಸಿಗುತ್ತದೆಯೇ ನೋಡಿ.

ಈ ತೊಂದರೆಗೆ ವಿಂಡೋಸಿನದೇ ಆದ ಚೆಕ್‌ಡಿಸ್ಕ್ ಓಡಿಸಿ ಎನ್ನುವ ಸಲಹೆ ಎಲ್ಲೆಲ್ಲೂ ಸಿಗುತ್ತದೆ. ಪೂರ್ತಿ ರಾ ಆದ ಡಿಸ್ಕಿನ ಮೇಲೆ ಅದು ಓಡುವುದೇ ಇಲ್ಲ. ಅರ್ಧ ಕೆಟ್ಟ ಡಿಸ್ಕಿನ ಮೇಲೆ ಓಡಿದರೆ ಅದರ ಗುರಿ ಫೈಲ್ ಸಿಸ್ಟಮ್ಮನ್ನು ಒಪ್ಪವಾಗಿಸುವುದು, ನಿಮ್ಮ ಫೈಲ್ ಉಳಿಸುವುದಲ್ಲ. ಹೊಂದದ ದಾಖಲೆಗಳನ್ನು ಕಿತ್ತು ಫೌಂಡ್ ಡಾಟ್ 000 ಎಂಬ ಫೋಲ್ಡರಿಗೆ ಸಿಎಚ್‌ಕೆ ಫೈಲುಗಳಾಗಿ ತಳ್ಳುತ್ತದೆ. ಡಿಸ್ಕ್ ಸೇರಿಸಿ ಕಂಪ್ಯೂಟರ್ ಆನ್ ಮಾಡಿದಾಗ ತಾನಾಗಿಯೇ ಚೆಕ್ ಶುರುಮಾಡಲು ಹೊರಟರೆ, ಕೊಟ್ಟ ಕೆಲವೇ ಸೆಕೆಂಡಿನಲ್ಲಿ ಯಾವುದಾದರೂ ಗುಂಡಿ ಒತ್ತಿ ತಡೆಯಿರಿ.

ಕ್ಯಾಮೆರಾ ಕಾರ್ಡು

ಇದು ಮೂರರಲ್ಲಿ ಸುಲಭದ್ದು. ಎಸ್‌ಡಿ ಕಾರ್ಡಿನ ಪಕ್ಕದ ಚಿಕ್ಕ ಲಾಕ್ ಕೆಳಗಿಳಿಸಿ, ಕಾರ್ಡ್ ರೀಡರಿಗೆ ಹಾಕಿ. ಫೋಟೊರೆಕ್ ಟೆಸ್ಟ್‌ಡಿಸ್ಕಿನ ಜೊತೆಯಲ್ಲೇ ಬರುತ್ತದೆ. ಕ್ಯೂಫೋಟೊರೆಕ್ ಎಂಬುದು ಅದರ ಕಿಟಕಿ ರೂಪ, ಅದನ್ನೇ ತೆರೆಯಿರಿ. ಬರೀ ಡಿಲೀಟ್ ಆಗಿದ್ದರೆ ಫ್ರೀ, ಕಾರ್ಡ್ ಫಾರ್ಮ್ಯಾಟ್ ಆಗಿದ್ದರೆ ಹೋಲ್ ಆಯ್ದುಕೊಳ್ಳಿ. ಫೈಲ್ ಫಾರ್ಮ್ಯಾಟ್ಸ್‌ನಲ್ಲಿ ಎಲ್ಲ ತೆಗೆದು ಜೆಪಿಜಿ ಮತ್ತು ನಿಮ್ಮ ಕ್ಯಾಮೆರಾದ ರಾ ಫೋಟೊ, ವಿಡಿಯೊ ಬಗೆ ಮಾತ್ರ ಬಿಡಿ. ಉಳಿಸುವ ಜಾಗ ಕಂಪ್ಯೂಟರಿನಲ್ಲಿರಲಿ, ಕಾರ್ಡಿನಲ್ಲಿ ಬೇಡ. ಫೋಟೊಗಳು ಹೆಚ್ಚಾಗಿ ಇಡಿಯಾಗಿ ಬರುತ್ತವೆ. ಉದ್ದದ ವಿಡಿಯೊಗಳು ಕಾರ್ಡಿನಲ್ಲಿ ಚೂರುಚೂರಾಗಿ ಕೂತಿದ್ದರೆ ಒಂದಿಷ್ಟು ಓಡಿ ನಿಲ್ಲಬಹುದು.

ಇದೇ ಫೋಟೊರೆಕ್‌ನಿಂದ ಟ್ಯಾಲಿಯನ್ನೂ ತೆಗೆದುಬಿಡೋಣ ಎಂದುಕೊಳ್ಳಬೇಡಿ. ಅದು ಕೆಲಸ ಮಾಡುವುದು ಫೈಲಿನ ತಲೆಯ ಗುರುತು ಹಿಡಿದು. ಜೆಪಿಜಿ ಹೀಗೆ ಶುರುವಾಗುತ್ತದೆ, ಎಕ್ಸೆಲ್ ಹೀಗೆ ಶುರುವಾಗುತ್ತದೆ ಎಂಬ ಪಟ್ಟಿ ಅದರಲ್ಲಿದೆ. ಹೆಸರು, ಫೋಲ್ಡರ್ ಅದಕ್ಕೆ ಕಾಣುವುದಿಲ್ಲ. ಟ್ಯಾಲಿಯ ಒಂದು ಕಂಪನಿ ಎಂದರೆ ಒಂದಕ್ಕೊಂದು ಹೊಂದಿಕೊಂಡ ಹಲವು ಫೈಲುಗಳು, ಅದೇ ಹೆಸರಿನಲ್ಲಿ ಅದೇ ಫೋಲ್ಡರಿನಲ್ಲಿ ಇದ್ದರೆ ಮಾತ್ರ ತೆರೆಯುತ್ತವೆ. ಟ್ಯಾಲಿಗೆ ಹೆಸರು ಸಮೇತ ತೆಗೆಯುವ ಟೆಸ್ಟ್‌ಡಿಸ್ಕ್ ಅಥವಾ ಡಿಎಂಡಿಇಯೇ ಬೇಕು.

ಎಕ್ಸೆಲ್, ವರ್ಡ್‌ಗೆ ಕೊನೆಯ ಉಪಾಯವಾಗಿ ಫೋಟೊರೆಕ್ ನಡೆಯುತ್ತದೆ, ಆದರೆ ಸಿಗುವುದು ಎಫ್ ಅಕ್ಷರದ ಮುಂದೆ ಉದ್ದದ ಅಂಕಿ ಇರುವ ಸಾವಿರಾರು ಫೈಲುಗಳು. ಅವುಗಳಲ್ಲಿ ನಿಮ್ಮದನ್ನು ಹುಡುಕಬೇಕಲ್ಲ. ಯೂನಿಕೋಡಿನಲ್ಲಿ ಟೈಪ್ ಮಾಡಿದ್ದಾದರೆ ಒಬ್ಬ ರೈತನ ಹೆಸರು ಕೊಟ್ಟು ಒಳಗಿನ ಪಠ್ಯ ಹುಡುಕಿದರೆ ಸಾಕು. ಹಳೇ ನುಡಿ ಫಾಂಟುಗಳಲ್ಲಿ ಟೈಪ್ ಮಾಡಿದ್ದಾದರೆ ಒಳಗೆ ಕನ್ನಡವೇ ಇರುವುದಿಲ್ಲ, ಇಂಗ್ಲಿಷ್ ಅಕ್ಷರ ಮತ್ತು ಚಿಹ್ನೆಗಳ ಸಾಲು ಇರುತ್ತದೆ, ಫಾಂಟು ಅದನ್ನು ಕನ್ನಡವಾಗಿ ತೋರಿಸುತ್ತದೆ ಅಷ್ಟೇ. ಯೂನಿಕೋಡಿನಲ್ಲಿ ಹುಡುಕಿದರೆ ಒಂದೂ ಸಿಗದೆ, ಫೈಲೇ ಇಲ್ಲವೆಂದು ಕೈಬಿಡುತ್ತಾರೆ. ಹುಡುಕುವ ಪದವನ್ನು ನುಡಿಯ ಅದೇ ಹಳೇ ಕೀಲಿಮಣೆಯಲ್ಲಿ ಟೈಪ್ ಮಾಡಿ. ಪೆಟ್ಟಿಗೆಯಲ್ಲಿ ಅದು ಕಲಸುಮೇಲೋಗರವಾಗಿ ಕಾಣುತ್ತದೆ, ಪರವಾಗಿಲ್ಲ, ಹೊಂದುವ ಫೈಲ್ ಸಿಗುತ್ತದೆ.

ಒಂದೇ ಕ್ಲಿಕ್ಕಿನ ಸಾಫ್ಟ್‌ವೇರು, ಕ್ರ್ಯಾಕು

ಕಂಪ್ಯೂಟರ್ ಸ್ಕ್ಯಾನ್ ಮಾಡಿ ಸಾವಿರಾರು ದೋಷ ಕಂಡಿವೆ ಎಂದು ಕೆಂಪಕ್ಷರದಲ್ಲಿ ಕೂಗುವ ಆಪ್ಟಿಮೈಸರ್, ರಿಜಿಸ್ಟ್ರಿ ಕ್ಲೀನರ್, ಡ್ರೈವರ್ ಅಪ್‌ಡೇಟರ್ ಯಾವುದೂ ಬೇಡ. ವಿಂಡೋಸಿನ ಸೆಟ್ಟಿಂಗುಗಳ ಪಟ್ಟಿಯಾದ ರಿಜಿಸ್ಟ್ರಿಯಲ್ಲಿ ಹಳೇ ನಮೂದುಗಳಿದ್ದರೆ ಕಂಪ್ಯೂಟರಿಗೆ ನಷ್ಟವಿಲ್ಲ, ಬೇಕಾದ ಒಂದನ್ನು ಅಳಿಸಿದರೆ ಇದೆ. ಮೈಕ್ರೋಸಾಫ್ಟ್ ಕೂಡ ಇಂಥವುಗಳ ಬಳಕೆಗೆ ಬೆಂಬಲ ಕೊಡುವುದಿಲ್ಲ. ಹೆಸರುವಾಸಿಯೂ ಹೊರತಲ್ಲ: 2017ರಲ್ಲಿ ಸಿಕ್ಲೀನರಿನ 5.33 ಆವೃತ್ತಿಯೊಳಗೆ ಹ್ಯಾಕರುಗಳು ತಮ್ಮ ಕೋಡ್ ಸೇರಿಸಿ, ಅದು ಅಧಿಕೃತ ತಾಣದಿಂದಲೇ ಹಂಚಿಕೆಯಾಗಿತ್ತು.

ವಿಂಡೋಸ್ ತೆರೆಯದಿದ್ದಾಗ ಬೇಕಾದ ಉಪಕರಣಗಳು ವಿಂಡೋಸಿನೊಳಗೇ ಇವೆ. ಆ ಹುಡುಗ ಹೊಸದಾಗಿ ಹಾಕುವ ಮೊದಲು ಇವನ್ನು ನೋಡಬಹುದಿತ್ತು. ತೆರೆಯುವಾಗ ಎರಡು ಮೂರು ಸಲ ಬಿದ್ದರೆ ರಿಕವರಿ ಪರದೆ ತಾನೇ ಬರುತ್ತದೆ. ಅಲ್ಲಿ ಟ್ರಬಲ್‌ಶೂಟ್, ಅಡ್ವಾನ್ಸ್ಡ್ ಆಪ್ಷನ್ಸ್, ಮೊದಲು ಸ್ಟಾರ್ಟಪ್ ರಿಪೇರ್, ಆಮೇಲೆ ಸಿಸ್ಟಮ್ ರಿಸ್ಟೋರ್. ಸಿಸ್ಟಮ್ ರಿಸ್ಟೋರ್ ವಿಂಡೋಸಿನ ಫೈಲುಗಳು, ಡ್ರೈವರುಗಳು, ರಿಜಿಸ್ಟ್ರಿಯನ್ನು ಹಿಂದಿನ ದಿನಾಂಕಕ್ಕೆ ಒಯ್ಯುತ್ತದೆ, ನಿಮ್ಮ ಎಕ್ಸೆಲ್ ಮುಟ್ಟುವುದಿಲ್ಲ. ಅಳಿಸಿದ ಎಕ್ಸೆಲನ್ನು ವಾಪಸ್ ತರುವುದೂ ಇಲ್ಲ. ಈ ಸೌಲಭ್ಯ ಕೆಲವು ಕಂಪ್ಯೂಟರುಗಳಲ್ಲಿ ಆಫ್ ಆಗಿರುತ್ತದೆ, ಸಿಸ್ಟಮ್ ಪ್ರೊಟೆಕ್ಷನ್‌ಗೆ ಹೋಗಿ ಸಿ ಡ್ರೈವಿಗೆ ಆನ್ ಮಾಡಿಸಿಡಿ. ವಿಂಡೋಸ್ ತೆರೆದು ಎಡವುತ್ತಿದ್ದರೆ ಅಡ್ಮಿನ್ ಕಮಾಂಡ್ ಪ್ರಾಂಪ್ಟಿನಲ್ಲಿ ವಿಂಡೋಸಿನ ಕೆಟ್ಟ ಫೈಲುಗಳನ್ನು ಸರಿಮಾಡುವ ಎರಡು ಆಜ್ಞೆ ಕೊಡಿ: ಮೊದಲು ಡಿಸ್ಮ್‌ನ ರಿಸ್ಟೋರ್ ಹೆಲ್ತ್, ಆಮೇಲೆ ಎಸ್‌ಎಫ್‌ಸಿ ಸ್ಕ್ಯಾನ್. ಡಿಸ್ಕ್ ಗಟ್ಟಿ ಇದೆ ಎಂದು ನೋಡಿಕೊಂಡ ಮೇಲೆ ಮಾತ್ರ. ಅಂದಹಾಗೆ ಹುಡುಗ ಹಾಕಿರುವುದು ವಿಂಡೋಸ್ 10 ಆಗಿದ್ದರೆ, ಅದಕ್ಕೆ ಮೈಕ್ರೋಸಾಫ್ಟಿನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ.

ಕ್ರ್ಯಾಕ್ ವಿಷಯ ಇನ್ನೂ ಗಂಭೀರ. ಸ್ಟಾಪ್ ಅಥವಾ ಡಿಜೆವು ಎಂಬ ರಾನ್ಸಮ್‌ವೇರ್, ಅಂದರೆ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ದುಷ್ಟ ಸಾಫ್ಟ್‌ವೇರ್, ಹರಡಿದ್ದೇ ಹೆಚ್ಚಾಗಿ ಕ್ರ್ಯಾಕ್ ಮತ್ತು ನಕಲಿ ಲೈಸೆನ್ಸ್ ಹುಟ್ಟಿಸುವ ಕೀಜೆನ್‌ಗಳಿಂದ. ಹೋದ ಫೈಲ್ ಹುಡುಕಲು ಹೋದವರ ಉಳಿದ ಫೈಲುಗಳೂ ಲಾಕ್ ಆಗುತ್ತವೆ. ಹಾಗೆ ಆದವರು ಹಣ ಕಟ್ಟುವ ಮೊದಲು ಯುರೋಪೋಲ್ ಮತ್ತಿತರರು 2016ರಲ್ಲಿ ಶುರುಮಾಡಿದ ನೋ ಮೋರ್ ರಾನ್ಸಮ್ ತಾಣದಲ್ಲಿ ಉಚಿತ ಕೀಲಿ ಇದೆಯೇ ನೋಡಬೇಕು.

ದುಡ್ಡು ಕೊಟ್ಟು ಕೊಳ್ಳುವ ಸಾಫ್ಟ್‌ವೇರಿಗೆ ನಾನು ವಿರೋಧಿಯಲ್ಲ. ಕೊಳ್ಳುವ ಕ್ರಮ ಹೀಗಿರಲಿ: ಡೆಮೊ ಹಾಕಿ, ಇಮೇಜಿನ ಮೇಲೆ ಸ್ಕ್ಯಾನ್ ಮಾಡಿ, ಒಂದು ಎಕ್ಸೆಲ್ ಮತ್ತು ಒಂದು ಫೋಟೊ ಪ್ರಿವ್ಯೂದಲ್ಲಿ ನಿಜವಾಗಿ ತೆರೆದುಕೊಳ್ಳುತ್ತದೆಯೇ ನೋಡಿ. ಪಟ್ಟಿಯಲ್ಲಿ ಹೆಸರು ಕಂಡ ಮಾತ್ರಕ್ಕೆ ಫೈಲ್ ಇದೆ ಎಂದಲ್ಲ. ರೆಕ್ಯುವಾ ತೋರಿಸುವ ಹಸಿರು ಚುಕ್ಕೆಯೂ ಭರವಸೆಯಲ್ಲ, ಹಸಿರು ಇದ್ದ ಫೈಲ್ ತೆರೆದರೆ ಒಳಗೆ ಕಸವಿರಬಹುದು.

ಡಿಸ್ಕ್ ಸದ್ದು ಮಾಡುತ್ತಿದ್ದರೆ ಬೆಂಗಳೂರಿನ ರಿಕವರಿ ಲ್ಯಾಬಿಗೇ ಒಯ್ಯಬೇಕು. ಎಸ್.ಪಿ. ರಸ್ತೆಯ ಯಾವುದೋ ಅಂಗಡಿಯ ಟೇಬಲ್ ಮೇಲೆ ಮುಚ್ಚಳ ಬಿಚ್ಚಲು ಬಿಡಬೇಡಿ, ಒಳಗೆ ಬಿದ್ದ ಒಂದು ಧೂಳಿನ ಕಣ ಸಾಕು ಹೆಡ್ಡಿಗೆ ಅಡ್ಡ ಬರಲು. ಫ್ರೀಜರಿನಲ್ಲಿಡುವ ಉಪಾಯವೂ ಬೇಡ, ಹೊರತೆಗೆದಾಗ ಒಳಗೆ ನೀರು ಕಟ್ಟುತ್ತದೆ. ಡೇಟಾ ಸಿಗದಿದ್ದರೆ ಎಷ್ಟು ಕೊಡಬೇಕು, ಪರೀಕ್ಷೆಗೆ ಎಷ್ಟು ಎಂಬುದನ್ನು ಬರವಣಿಗೆಯಲ್ಲಿ ಪಡೆಯಿರಿ. ಡಿಸ್ಕಿನ ಸೀರಿಯಲ್ ಸಂಖ್ಯೆಯ ಫೋಟೊ ತೆಗೆದಿಟ್ಟುಕೊಂಡೇ ಕೊಡಿ. ಕೆಲವು ಎಕ್ಸ್‌ಟರ್ನಲ್ ಡಿಸ್ಕುಗಳಲ್ಲಿ ಯುಎಸ್‌ಬಿ ಬೋರ್ಡೇ ಡೇಟಾ ಎನ್‌ಕ್ರಿಪ್ಟ್ ಮಾಡುತ್ತದೆ, ಆದ್ದರಿಂದ ಡಬ್ಬಿ, ಬೋರ್ಡ್ ಯಾವುದನ್ನೂ ಎಸೆಯದೆ ಒಟ್ಟಿಗೆ ಒಯ್ಯಿರಿ.

ಟ್ಯಾಲಿ ಫೋಲ್ಡರ್ ಸಿಕ್ಕ ಮೇಲೆ ಮೊದಲು ಅದರ ಒಂದು ಪ್ರತಿ ಬೇರೆಡೆ ಇಟ್ಟು, ಇನ್ನೊಂದು ಪ್ರತಿಯನ್ನು ಮಾತ್ರ ಟ್ಯಾಲಿಗೆ ತೋರಿಸಿ. ಕಂಪನಿ ತೆರೆಯದೆ ಹಠ ಮಾಡಿದರೆ ಟ್ಯಾಲಿ ಪ್ರೈಮಿನಲ್ಲೇ ಡೇಟಾ ರಿಪೇರ್ ಇದೆ, ಹಳೇ ಇಆರ್‌ಪಿ 9ರಲ್ಲಿ ಅದೇ ಕೆಲಸಕ್ಕೆ ರೀರೈಟ್. ರಿಪೇರ್ ಆಗಿ ತೆರೆದ ಕೂಡಲೇ ನಿಟ್ಟುಸಿರು ಬಿಡಬೇಡಿ, ಕೆಟ್ಟ ವೋಚರುಗಳನ್ನು ಅದು ಸದ್ದಿಲ್ಲದೆ ಬಿಟ್ಟಿರಬಹುದು. ಒಂದು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್ ಹಿಡಿದು ತಾಳೆ ನೋಡಿ, ಐದಾರು ದೊಡ್ಡ ರೈತರ ಖಾತೆಯ ಬಾಕಿಯನ್ನು ಅವರ ಚೀಟಿಯೊಂದಿಗೆ ಹೋಲಿಸಿ. ಹಳೇ ಎರಡು ಡಿಸ್ಕುಗಳನ್ನೂ ಹೆಸರು, ದಿನಾಂಕ ಬರೆದು ಅಂಟಿಸಿ, ಈ ವರ್ಷದ ಆಡಿಟ್ ಮುಗಿಯುವ ತನಕ ಫಾರ್ಮ್ಯಾಟ್ ಮಾಡದೆ ಬೀರುವಿನಲ್ಲಿಡಿ. 2 ಟಿಬಿಯ ಹೊಸ ಡಿಸ್ಕನ್ನು ದಿನದ ಹರಾಜಿನ ಲೆಕ್ಕ ಮುಗಿದ ಮೇಲೆ ಹಾಕಿ, ಕಾಪಿ ಮಾಡಿ, ಸೇಫ್ಲಿ ರಿಮೂವ್ ಒತ್ತಿ ಬಿಚ್ಚಿಡಿ. ಯಾವಾಗಲೂ ಕಂಪ್ಯೂಟರಿಗೆ ಚುಚ್ಚಿಯೇ ಇರುವ ಡಿಸ್ಕು ಮುಂದಿನ ಸಲ ಕರೆಂಟು ಕೈಕೊಟ್ಟಾಗ ಅದರ ಜೊತೆಗೇ ಕೆಡುತ್ತದೆ.